ದ್ವೀಪದ ಕಡಲತೀರದಲ್ಲಿ ಜೊತೆಗಾರರೊಂದಿಗೆ ನಿರಾಳ ವಾರ: ಸಮಗ್ರ ಮಾರ್ಗದರ್ಶಿ

ಕಡಲತೀರಕ್ಕೆ ಹೋದರೆ ಸಾಕು, ವಿಶ್ರಾಂತಿ ತಾನಾಗಿ ಸಿಗುತ್ತದೆ ಎಂದುಕೊಂಡು ಹೊರಡುವ ಗುಂಪುಗಳು ಬಹಳ. ಒಬ್ಬರೇ ಹೋದಾಗ ಅದು ಬಹುಮಟ್ಟಿಗೆ ನಿಜವೂ ಹೌದು. ಆರು ಜನ ಒಟ್ಟಿಗೆ ಹೋದಾಗ ಮಾತ್ರ ಎಷ್ಟು ಹೊತ್ತಿಗೆ ಹೊರಡುವುದು, ಎಲ್ಲಿ ಊಟ, ನಿನ್ನೆ ದುಡ್ಡು ಕೊಟ್ಟವರು ಯಾರು ಎಂಬ ಮಾತಿನಲ್ಲೇ ಅರ್ಧ ದಿನ ಹೋಗುತ್ತದೆ. ಉಳಿದರ್ಧ, ಹೊತ್ತಲ್ಲದ ಹೊತ್ತಿನಲ್ಲಿ ನೀರಿಗಿಳಿದು ಮೈ ಸುಟ್ಟುಕೊಳ್ಳುವುದರಲ್ಲಿ. ಇವೆರಡನ್ನೂ ತಪ್ಪಿಸಬಹುದು. ಹಣ, ಕೋಣೆ, ತಾರೀಖು ಇವನ್ನು ಹೊರಡುವ ಮೊದಲೇ ತೀರ್ಮಾನಿಸಿ ಮುಗಿಸಿ. ದ್ವೀಪ ತಲುಪಿದ ಮೇಲೆ ದಿನದ ವೇಳಾಪಟ್ಟಿಯನ್ನು ಬಿಸಿಲು, ಗಾಳಿ, ಉಬ್ಬರ-ಇಳಿತಗಳ ಕೈಗೆ ಕೊಡಿ. ಆಗ ಅಲ್ಲಿ ಚರ್ಚಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಋತು ನೋಡಿ ದ್ವೀಪ ಆರಿಸಿ

ಉಷ್ಣವಲಯದಲ್ಲಿ ಒಣ ಕಾಲ ಯಾವುದು, ಮಳೆಗಾಲ ಯಾವುದು ಎಂಬುದೇ ಮೊದಲ ಲೆಕ್ಕ. ಮಳೆಗಾಲದಲ್ಲಿ ನೆನೆಯುವುದು ದೊಡ್ಡ ತೊಂದರೆಯಲ್ಲ. ಗಾಳಿ ಎದ್ದು ಕಡಲು ಕಲಕುತ್ತದೆ, ನೀರು ಮಬ್ಬಾಗಿ ಹವಳ ಕಾಣುವುದಿಲ್ಲ, ದ್ವೀಪಗಳ ನಡುವಿನ ದೋಣಿಗಳು ಒಂದೊಂದಾಗಿ ರದ್ದಾಗುತ್ತವೆ. ರಜೆ ಕೆಡುವುದು ಇದರಿಂದ.

ಮಾಲ್ದೀವ್ಸ್ ಮತ್ತು ಅಂಡಮಾನ್‌ಗೆ ಜನವರಿಯಿಂದ ಏಪ್ರಿಲ್‌ವರೆಗಿನ ಕಾಲ ಶಾಂತ. ಥಾಯ್ಲೆಂಡ್‌ನ ಪಶ್ಚಿಮ ಬದಿಯಲ್ಲಿ, ಅಂದರೆ ಫುಕೆಟ್ ಕಡೆ, ನವೆಂಬರ್‌ನಿಂದ ಏಪ್ರಿಲ್ ಒಣ ಕಾಲ. ಅದೇ ದೇಶದ ಪೂರ್ವಕ್ಕಿರುವ ಸಮುಯಿ ದ್ವೀಪಕ್ಕೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು ಮಳೆ. ಒಂದೇ ದೇಶವೆಂದು ಒಂದೇ ಹವೆ ಊಹಿಸಿ ಮೋಸಹೋಗುವವರು ಇಲ್ಲಿಯೇ ಹೆಚ್ಚು. ಮಾರಿಷಸ್ ಭೂಮಧ್ಯರೇಖೆಯ ದಕ್ಷಿಣಕ್ಕಿದೆ, ಅಲ್ಲಿ ಚಂಡಮಾರುತಗಳ ಕಾಲ ನವೆಂಬರ್‌ನಿಂದ ಏಪ್ರಿಲ್. ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30, ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್ ಬಿರುಸು.

ಆಮೇಲೆ ದ್ವೀಪದ ಯಾವ ಬದಿ ಎಂಬ ಪ್ರಶ್ನೆ. ಗಾಳಿಗೆ ಮುಖ ಮಾಡಿದ ಬದಿಯಲ್ಲಿ ಅಲೆ ಹೆಚ್ಚು, ಸೆಕೆ ಕಡಿಮೆ. ಗಾಳಿಮರೆಯ ಬದಿಯಲ್ಲಿ ನೀರು ಕೊಳದಂತೆ ನಿಂತಿರುತ್ತದೆ, ಸೊಳ್ಳೆ ಹೆಚ್ಚು. ಈಜು ಗಟ್ಟಿಯಾಗಿ ಬಾರದವರು ಗುಂಪಿನಲ್ಲಿದ್ದರೆ ಎರಡು ಮಾತಿಲ್ಲ, ಗಾಳಿಮರೆಯ ಬದಿಯನ್ನೇ ಆರಿಸಿ. ಕೆರಿಬಿಯನ್‌ಗೆ ಹೋಗುವವರಿಗೆ ಇನ್ನೊಂದು ಕಾರಣವೂ ಇದೆ: 2011ರಿಂದೀಚೆಗೆ ಬೇಸಿಗೆಯ ಆಸುಪಾಸಿನ ತಿಂಗಳುಗಳಲ್ಲಿ ಸರ್ಗಾಸಮ್ ಎಂಬ ಕಂದು ಪಾಚಿ ಅಟ್ಲಾಂಟಿಕ್‌ನಿಂದ ತೇಲಿಬಂದು ಪೂರ್ವದ ತೀರಗಳಲ್ಲಿ ರಾಶಿ ಬೀಳುತ್ತಿದೆ. ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ಪಶ್ಚಿಮದ ತೀರಗಳಿಗೆ ಈ ಕಾಟ ಕಡಿಮೆ.

ತಂಗುವ ಜಾಗದ ಚಿತ್ರಗಳನ್ನು ನೋಡುವಾಗ ಒಂದು ಎಚ್ಚರ ಬೇಕು. ಅವು ಹೆಚ್ಚಾಗಿ ಉಬ್ಬರದ ಹೊತ್ತಿನಲ್ಲಿ ತೆಗೆದವು. ಉಪಗ್ರಹ ನಕ್ಷೆ ತೆರೆದು ದಡದ ಮುಂದೆ ತಿಳಿಕಂದು ಬಣ್ಣದ ಅಗಲವಾದ ಪಟ್ಟೆ ಇದೆಯೇ ನೋಡಿ. ಇದ್ದರೆ ಅದು ಆಳವಿಲ್ಲದ ಹವಳದ ಹಾಸು. ಇಳಿತದಲ್ಲಿ ಅಲ್ಲಿ ಈಜಲು ನೀರೇ ಇರುವುದಿಲ್ಲ.

ಗುಂಪು, ಕೋಣೆ, ದುಡ್ಡು

ನಾಲ್ಕರಿಂದ ಆರು ಜನರ ಗುಂಪು ಹದ. ಒಂದು ಮೇಜಿಗೆ ಹಿಡಿಸುತ್ತಾರೆ, ಸಣ್ಣ ದೋಣಿಗೂ ಹಿಡಿಸುತ್ತಾರೆ. ಎಂಟು ದಾಟಿದರೆ ಆರಂಭದಲ್ಲೇ ಎರಡು ತಂಡ ಮಾಡಿ, ರಾತ್ರಿಯೂಟಕ್ಕೆ ಮಾತ್ರ ಸೇರಿ.

ಹೊರಡುವ ಮೂರು-ನಾಲ್ಕು ವಾರ ಮುಂಚೆ ಎಲ್ಲರೂ ಒಮ್ಮೆ ಕೂತು ಕೆಲವು ಪ್ರಶ್ನೆಗಳಿಗೆ ಬಾಯಿಬಿಟ್ಟು ಉತ್ತರಿಸಬೇಕು. ಈಜು ಬರುತ್ತದೆಯೇ, ಎಷ್ಟು? ಕಾಲೂರದ ನೀರಿನಲ್ಲಿ ನಿಲ್ಲದೆ ಹತ್ತು ನಿಮಿಷ ತೇಲಬಲ್ಲಿರಾ? ಆಸ್ತಮಾ, ಮೂರ್ಛೆ, ಹೃದಯದ ತೊಂದರೆ, ಅಲರ್ಜಿ ಇದೆಯೇ? ಗೊರಕೆ ಹೊಡೆಯುತ್ತೀರಾ? ಬೆಳಿಗ್ಗೆ ಬೇಗ ಏಳುವವರೋ, ತಡವೋ? ದಿನದ ಖರ್ಚಿಗೆ ನಿಮ್ಮ ಮಿತಿ ಎಷ್ಟು? ಕೊನೆಯ ಪ್ರಶ್ನೆಗೆ ಸಂಕೋಚ ಸಹಜ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಮಿತಿಯನ್ನು ಒಬ್ಬ ಲೆಕ್ಕಿಗರಿಗೆ ಮಾತ್ರ ತಿಳಿಸಲಿ. ಎಲ್ಲಕ್ಕಿಂತ ಕಡಿಮೆ ಮೊತ್ತ ಯಾವುದೋ ಅದೇ ಒಟ್ಟಿನ ಖರ್ಚಿಗೆ ಮಿತಿ. ಹೆಚ್ಚು ಬೇಕೆನ್ನುವವರು ತಮ್ಮ ಪಾಡಿಗೆ ಮಾಡಿಕೊಳ್ಳಲಿ.

ಕೋಣೆ ಹಂಚಿಕೆಯಲ್ಲಿ ಸ್ನೇಹಕ್ಕಿಂತ ನಿದ್ದೆಯ ಹೊತ್ತು ಮುಖ್ಯ. ಐದಕ್ಕೆ ಏಳುವವರಿಬ್ಬರು ಒಂದು ಕೋಣೆಯಲ್ಲಿ, ಎಂಟಕ್ಕೆ ಏಳುವವರು ಇನ್ನೊಂದರಲ್ಲಿ ಇದ್ದರೆ ಯಾರೂ ಮುಖ ಗಂಟಿಕ್ಕಿಕೊಂಡು ತಿಂಡಿಗೆ ಬರುವುದಿಲ್ಲ. ಸಮುದ್ರ ಕಾಣುವ ಕೋಣೆ ಒಂದೇ ಇದ್ದರೆ ಚೀಟಿ ಎತ್ತಿ, ಅಥವಾ ವಾರದ ನಡುವೆ ಅದಲುಬದಲು ಮಾಡಿ.

ಹಣಕ್ಕೆ ಒಂದು ಸಾಮೂಹಿಕ ಚೀಲ ಇರಲಿ. ಎಲ್ಲರೂ ಸಮ ಮೊತ್ತ ಹಾಕಬೇಕು. ಒಟ್ಟಿನ ಊಟ, ಕುಡಿಯುವ ನೀರು, ದೋಣಿ, ಸವಾರಿ, ಸಾಮಾನು ಹೊರುವವರ ಕೂಲಿ ಮಾತ್ರ ಅದರಿಂದ. ಮದ್ಯ, ಮಸಾಜು, ಖರೀದಿ, ಸ್ಕೂಬಾದಂಥ (ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಆಳಕ್ಕೆ ಮುಳುಗುವುದು) ಸ್ವಂತ ಆಸೆಗಳಿಗೆ ಸ್ವಂತ ಕಿಸೆ. ಜಗಳಕ್ಕೆ ಮೂಲ ಸಾಮಾನ್ಯವಾಗಿ ಮದ್ಯದ ಬಿಲ್ಲು: ಕುಡಿಯದವರು ಕುಡಿಯುವವರ ಪಾಲು ಹೊರುತ್ತಾರೆ, ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಸಿಡಿಯುತ್ತಾರೆ. ಮೊದಲ ರಾತ್ರಿಯಿಂದಲೇ ಆ ಬಿಲ್ಲನ್ನು ಬೇರೆಯಾಗಿ ಬರೆಸಿ. ಚೀಲದಲ್ಲಿ ಕಾಲುಭಾಗ ಉಳಿದಾಗ ಮತ್ತೆ ಸಮವಾಗಿ ತುಂಬಿಸಿ. ಸಣ್ಣ ದ್ವೀಪಗಳಲ್ಲಿ ಎಟಿಎಂ ಇರದೇ ಹೋಗಬಹುದು, ಇದ್ದರೂ ಹಣ ಖಾಲಿಯಾಗಿರಬಹುದು. ಮೂರು ದಿನದ ಖರ್ಚನ್ನು ನಗದಾಗಿ ಒಯ್ಯಿರಿ, ಇಬ್ಬರ ಬಳಿ ಹಂಚಿ ಇಡಿ.

ಸಾಮಾನು

ಬಟ್ಟೆ ಅರ್ಧ ಸಾಕು. ತೆಳು ಹತ್ತಿಯ ಮೂರು ಜೊತೆ, ಎರಡು ಈಜುಡುಗೆ (ಒಂದು ಒಣಗುವಾಗ ಇನ್ನೊಂದು), ತುಂಬುತೋಳಿನ ಈಜಂಗಿ, ಅಗಲ ಅಂಚಿನ ಟೊಪ್ಪಿ, ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ. ಗುಂಪಿಗೆ ಒಟ್ಟಾಗಿ 20 ಲೀಟರಿನ ಒಂದು ನೀರುನಿರೋಧಕ ಚೀಲ, ತಲೆಗೆ ಕಟ್ಟುವ ದೀಪ ಎರಡು, 10 ಮೀಟರ್ ಹಗ್ಗ, ಎರಡು ದೊಡ್ಡ ಬೆಡ್‌ಶೀಟು. ಮರಳು ಹಿಡಿಯದ ತೆಳು ಬೆಡ್‌ಶೀಟು ದಪ್ಪ ಟವೆಲಿಗಿಂತ ನೂರು ಪಾಲು ವಾಸಿ. ಪವರ್ ಬ್ಯಾಂಕ್ ವಿಮಾನದ ಕೈಚೀಲದಲ್ಲೇ ಇರಬೇಕು. ಸನ್‌ಸ್ಕ್ರೀನಿನ ದೊಡ್ಡ ಬಾಟಲಿಗಳು ಕೆಳಗೆ ಹಾಕುವ ಪೆಟ್ಟಿಗೆಗೆ.

ಔಷಧಿ ಡಬ್ಬಿಯಲ್ಲಿ: ಪ್ಯಾರಾಸಿಟಮಾಲ್ 20 ಮಾತ್ರೆ, ಒಆರ್‌ಎಸ್ 12 ಪೊಟ್ಟಣ, ಪ್ರಯಾಣದ ವಾಂತಿಗೆ ಮಾತ್ರೆ, ಅಲರ್ಜಿ ಮಾತ್ರೆ, ಚಿಮಟ, ನಂಜುನಿರೋಧಕ, ಅಂಟುಪಟ್ಟಿ, ಅರ್ಧ ಲೀಟರ್ ಬಿಳಿ ವಿನೆಗರ್. ವಿನೆಗರ್ ಯಾಕೆಂದು ಮುಂದೆ ಬರುತ್ತದೆ. ಒಆರ್‌ಎಸ್ ಮುಗಿದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ. ಉಪ್ಪು ಅಳತೆ ಮೀರಬಾರದು.

ತಲುಪುವ ದಿನ

ದೋಣಿ ಪಯಣಕ್ಕೆ ಬೆಳಗಿನ ಹೊತ್ತೇ ಒಳ್ಳೆಯದು, ಹಗಲೇರಿದಂತೆ ಗಾಳಿ ಬಲಿಯುತ್ತದೆ. ವಾಕರಿಕೆ ಬರುವವರು ದೋಣಿಯ ನಡುಭಾಗದಲ್ಲಿ, ಆದಷ್ಟು ಕೆಳಗೆ, ಗಾಳಿಯಾಡುವೆಡೆ ಕೂತು ದಿಗಂತ ನೋಡುತ್ತಿರಬೇಕು. ಮಾತ್ರೆಯನ್ನು ಒಂದು ಗಂಟೆ ಮುಂಚೆ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ತಲುಪಿದ ದಿನ ಏನನ್ನೂ ಇಟ್ಟುಕೊಳ್ಳಬೇಡಿ. ನೀರು ಕುಡಿದು ಮಲಗಿ, ಸಂಜೆ ದಡದುದ್ದ ನಡೆಯಿರಿ. ಆ ನಡಿಗೆಗೆ ಮಾತ್ರ ಒಂದು ಕೆಲಸವಿದೆ: ಸ್ಥಳೀಯ ಮೀನುಗಾರರನ್ನೋ ಜೀವರಕ್ಷಕರನ್ನೋ ಕಂಡು ಎಲ್ಲಿ ಸೆಳೆತ, ಎಲ್ಲಿ ಕಲ್ಲು, ಈಗ ಜೆಲ್ಲಿ ಮೀನು ಇದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ.

ಸ್ನಾನದ ನೀರನ್ನೂ ಹಿಡಿತದಲ್ಲಿ ಬಳಸಿ. ಹವಳದ ಪುಟ್ಟ ದ್ವೀಪಗಳಲ್ಲಿ ಮಳೆಯ ಸಿಹಿನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೇರಿ ಬಾವಿಯೇ ಕೆಡುತ್ತದೆ.

ಬಿಸಿಲು

ರಜೆ ಕೆಡಿಸುವುದರಲ್ಲಿ ಬಿಸಿಲಿಗೆ ಮೊದಲ ಸ್ಥಾನ. ಮೊದಲ ಮಧ್ಯಾಹ್ನ ಬೆನ್ನು ಸುಟ್ಟರೆ ಉಳಿದ ಐದು ದಿನ ಅಂಗಿ ತೊಡಲೂ ಆಗದು.

ಅತಿನೇರಳೆ ಕಿರಣಗಳ ಸೂಚ್ಯಂಕ 3 ಅಥವಾ ಹೆಚ್ಚಿದ್ದರೆ ರಕ್ಷಣೆ ಬೇಕು, 11 ಮತ್ತು ಅದಕ್ಕೂ ಮೇಲೆ ಎಂದರೆ ಅತಿ ತೀವ್ರ. ಉಷ್ಣವಲಯದ ಮಧ್ಯಾಹ್ನ 11 ದಾಟುವುದು ಸಾಮಾನ್ಯ. ಸುಡುವ ಕಿರಣಕ್ಕೂ ಸೆಕೆಗೂ ಸಂಬಂಧವಿಲ್ಲ. ತಂಪು ಗಾಳಿ ಬೀಸುವ, ತೆಳು ಮೋಡ ಕವಿದ ದಿನವೂ ಚರ್ಮ ಸುಡುತ್ತದೆ. ಒಣ ಮರಳು ಸುಮಾರು 15%, ಅಲೆಯ ನೊರೆ ಸುಮಾರು 25% ಕಿರಣವನ್ನು ಮರಳಿ ಎಸೆಯುವುದರಿಂದ ಕೊಡೆಯಡಿ ಕೂತವರಿಗೂ ಕೆಳಗಿನಿಂದ ತಾಗುತ್ತದೆ. ಅರ್ಧ ಮೀಟರ್ ನೀರಿನಡಿಯಲ್ಲೂ ಮೇಲಿನ 40%ರಷ್ಟು ಉಳಿದಿರುತ್ತದೆ. ಸ್ನಾರ್ಕಲಿಂಗ್ (ಮಾಸ್ಕು, ಉಸಿರಿನ ನಳಿಗೆ ಹಾಕಿ ಮುಖ ಕೆಳಗಾಗಿ ತೇಲುವುದು) ಮಾಡಿದವರ ಮೊಣಕಾಲ ಹಿಂಬದಿ, ಕುತ್ತಿಗೆ ಕೆಂಪಾಗುವುದು ಇದಕ್ಕೇ. ಅಳೆಯಲು ಉಪಕರಣ ಬೇಡ: ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದರೆ ನೆರಳಿಗೆ ಹೋಗಿ.

ಸನ್‌ಸ್ಕ್ರೀನಿನಲ್ಲಿ ಎಡವುವುದು ಪ್ರಮಾಣದಲ್ಲಿ. ಬಾಟಲಿಯ ಮೇಲೆ ಬರೆದಿರುವ ರಕ್ಷಣೆಯ ಅಂಕಿ, ಅಂದರೆ ಎಸ್‌ಪಿಎಫ್, 30 ಇದ್ದರೆ ಸುಡುವ ಕಿರಣದ 97%ನ್ನು, 50 ಆದರೆ 98%ನ್ನು ತಡೆಯುತ್ತದೆ, ಅಂತರ ಅಷ್ಟೇ. ಆದರೆ ಆ ಅಳತೆ ಮಾಡಿರುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬಳಿದು. ದೊಡ್ಡವರ ಇಡೀ ಮೈಗೆ ಲೆಕ್ಕ ಹಾಕಿದರೆ ಸುಮಾರು 35 ಮಿಲಿ, ಅಂದರೆ 7 ಟೀ ಚಮಚ. ಮುಖ, ಕುತ್ತಿಗೆಗೆ 1, ಒಂದೊಂದು ತೋಳಿಗೆ 1, ಒಂದೊಂದು ಕಾಲಿಗೆ ಅದಕ್ಕಿಂತ ಹೆಚ್ಚು, ಎದೆ ಬೆನ್ನಿಗೆ ಉಳಿದದ್ದು. ಹೆಚ್ಚಿನವರು ಇದರ ಅರ್ಧಕ್ಕಿಂತ ಕಡಿಮೆ ಹಚ್ಚಿ, ಬಾಟಲಿಯ ಮೇಲಿನ ಸಂಖ್ಯೆ ನಂಬಿ ಸುಟ್ಟುಕೊಳ್ಳುತ್ತಾರೆ. ನೀರಿಗಿಳಿಯುವ 20 ನಿಮಿಷ ಮೊದಲು ಹಚ್ಚಿ. ಎರಡು ಗಂಟೆಗೊಮ್ಮೆ, ಈಜಿ ಮೈ ಒರೆಸಿದ ಮೇಲೂ ಮತ್ತೆ ಹಚ್ಚಿ. ಕಿವಿಯ ಮೇಲಂಚು, ಪಾದದ ಮೇಲ್ಭಾಗ, ಬೈತಲೆ ಮರೆತುಹೋಗುವ ಜಾಗಗಳು. ಬೆನ್ನಿಗೆ ಜೊತೆಗಾರರ ಕೈ ಬೇಕು, ಗುಂಪಿನಲ್ಲಿ ಬರುವ ಲಾಭಗಳಲ್ಲಿ ಇದೂ ಒಂದು.

ಈಗ ಖರೀದಿಯ ಲೆಕ್ಕ. ಆರು ಜನ, ಆರು ದಿನ, ದಿನಕ್ಕೆ ಮೂರು ಸಲ: ಬರಿಮೈಗೆ ಹಚ್ಚಿದರೆ ಸುಮಾರು 3.8 ಲೀಟರ್ ಬೇಕು. ತುಂಬುತೋಳಿನ ಈಜಂಗಿ, ಮೊಣಕಾಲುದ್ದದ ಚಡ್ಡಿ ತೊಟ್ಟರೆ ಒಂದು ಸಲಕ್ಕೆ 15ರಿಂದ 17 ಮಿಲಿ ಸಾಕು, ಒಟ್ಟು 1.8 ಲೀಟರ್. ಯುಪಿಎಫ್ (ಬಟ್ಟೆಯ ಬಿಸಿಲು ರಕ್ಷಣೆಯ ಅಂಕಿ) 50 ಇರುವ ಬಟ್ಟೆ ಕಿರಣದ ಐವತ್ತನೆಯ ಒಂದು ಪಾಲನ್ನಷ್ಟೇ ಒಳಬಿಡುತ್ತದೆ, ತೊಳೆದುಹೋಗುವುದೂ ಇಲ್ಲ. ಬಟ್ಟೆಯನ್ನೇ ಮುಖ್ಯ ರಕ್ಷಣೆಯಾಗಿಸಿ, ಕೆನೆ ಉಳಿದ ಜಾಗಕ್ಕೆ.

ಕೊಳ್ಳುವ ಮುನ್ನ ಘಟಕಗಳ ಪಟ್ಟಿ ಓದಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳನ್ನು ಹವಳಕ್ಕೆ ಹಾನಿಯೆಂಬ ಕಾರಣಕ್ಕೆ ಪೆಸಿಫಿಕ್‌ನ ದ್ವೀಪದೇಶ ಪಲಾವು 2020ರ ಜನವರಿಯಿಂದ ನಿಷೇಧಿಸಿದೆ, ಹವಾಯಿಯಲ್ಲಿ 2021ರ ಜನವರಿಯಿಂದ ಮಾರಾಟ ನಿಂತಿದೆ. ಥಾಯ್ಲೆಂಡ್‌ನ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರ ಆಗಸ್ಟ್‌ನಿಂದ ಬಳಕೆಗೇ ಅವಕಾಶವಿಲ್ಲ. ಜಿಂಕ್ ಆಕ್ಸೈಡ್ ಇರುವುದನ್ನು ಆರಿಸಿದರೆ ಎಲ್ಲೆಡೆ ನಡೆಯುತ್ತದೆ. ಬಿಳಿ ಬಳಿದಂತೆ ಕಾಣುತ್ತದೆ ನಿಜ, ಹಚ್ಚಿದ್ದು ಎಲ್ಲಿ, ಬಿಟ್ಟದ್ದು ಎಲ್ಲಿ ಎಂದು ಗೊತ್ತಾಗುವುದೂ ಅದರಿಂದಲೇ.

ಇನ್ನೆರಡು ಕಾಣದ ಅಪಾಯಗಳು. ಡಾಕ್ಸಿಸೈಕ್ಲಿನ್‌ನಂಥ ಕೆಲವು ಔಷಧಿಗಳು ಚರ್ಮವನ್ನು ಬಿಸಿಲಿಗೆ ತೀರಾ ಸೂಕ್ಷ್ಮವಾಗಿಸುತ್ತವೆ. ನಿತ್ಯದ ಮಾತ್ರೆಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. ಹಾಗೆಯೇ ನಿಂಬೆರಸ ಸಿಡಿದ ಕೈ ಬಿಸಿಲಿಗೆ ತಾಗಿದರೆ ಒಂದೆರಡು ದಿನದಲ್ಲಿ ಬೊಬ್ಬೆ ಏಳುತ್ತದೆ, ಕಂದು ಕಲೆ ವಾರಗಟ್ಟಲೆ ಉಳಿಯುತ್ತದೆ. ತೀರದಲ್ಲಿ ನಿಂಬೆ ಹಿಂಡಿದರೆ ಸೋಪಿನಿಂದ ಕೈ ತೊಳೆಯಿರಿ.

ಯಾರಿಗಾದರೂ ತಲೆನೋವು, ವಾಕರಿಕೆ, ಸುಸ್ತು ಬಂದರೆ ನೆರಳಿಗೆ ಕರೆತಂದು ಮೈ ಒದ್ದೆ ಮಾಡಿ, ಗಾಳಿ ಹಾಕಿ, ಒಆರ್‌ಎಸ್ ಗುಟುಕುಗುಟುಕಾಗಿ ಕೊಡಿ. ಮಾತು ತೊದಲಿದರೆ, ದಿಕ್ಕುತೋಚದಂತೆ ವರ್ತಿಸಿದರೆ ಅದು ಬಿಸಿಲಾಘಾತ: ಒಂದೆಡೆ ಆಸ್ಪತ್ರೆಗೆ ಕರೆ ಹೋಗಲಿ, ಇನ್ನೊಂದೆಡೆ ಮೈಯೆಲ್ಲ ನೀರಲ್ಲಿ ತೋಯಿಸಿ ತಂಪು ಮಾಡುವುದು ನಿಲ್ಲದಿರಲಿ.

ಉಬ್ಬರ-ಇಳಿತ ಓದುವುದು

ದ್ವೀಪದ ನಿಜವಾದ ಗಡಿಯಾರ ಇದು. ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದು ಬೆಳಿಗ್ಗೆ 8ಕ್ಕೆ ಉಬ್ಬರವಿದ್ದರೆ ನಾಳೆ 8 ಗಂಟೆ 50 ನಿಮಿಷಕ್ಕೆ, ನಾಡಿದ್ದು 9 ಗಂಟೆ 40 ನಿಮಿಷಕ್ಕೆ. ಥಾಯ್ಲೆಂಡ್ ಕೊಲ್ಲಿಯ ಕೆಲವೆಡೆಯಂತೆ ದಿನಕ್ಕೆ ಒಂದೇ ಉಬ್ಬರ ಬರುವ ಜಾಗಗಳೂ ಇವೆ, ಆದ್ದರಿಂದ ಆ ಊರಿನದೇ ಉಬ್ಬರ ಪಟ್ಟಿ ನೋಡಬೇಕು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಆಸುಪಾಸು ಅತಿ ಕಡಿಮೆ. ಕ್ಯಾಲೆಂಡರ್ ಗೋಡೆಯಲ್ಲಿದ್ದರೆ ಪ್ರಯಾಣದ ತಾರೀಖು ಆರಿಸುವಾಗಲೇ ಇದನ್ನು ನೋಡಬಹುದು. ಈಜು, ಸ್ನಾರ್ಕಲಿಂಗ್ ಮುಖ್ಯವಾದವರಿಗೆ ಅಷ್ಟಮಿಯ ವಾರ ಒಳ್ಳೆಯದು: ಸೆಳೆತ ಕಡಿಮೆ, ನೀರು ತಿಳಿ. ಬೆಳದಿಂಗಳು ಬೇಕೆನ್ನುವವರು ಹುಣ್ಣಿಮೆಗೆ ಹೋಗಲಿ, ಜೊತೆಗೆ ಬರುವ ದೊಡ್ಡ ಇಳಿತಕ್ಕೆ ಸಿದ್ಧರಾಗಿ.

ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಟ್ಟು ಇಳಿತವನ್ನು 12 ಪಾಲು ಮಾಡಿದರೆ ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ ಎಂಬುದು ನಾವಿಕರ ಅಂದಾಜು. ಅಂಡಮಾನ್‌ನಲ್ಲಿ ಹುಣ್ಣಿಮೆಯ ಸುತ್ತ ಏರಿಳಿತ ಸುಮಾರು 2 ಮೀಟರ್ ಇರುತ್ತದೆ. ಅಂದರೆ ಮೊದಲ ಗಂಟೆ ಇಳಿಯುವುದು 17 ಸೆಂಟಿಮೀಟರ್ ಮಾತ್ರ, ಮೂರನೆಯ ಗಂಟೆಯಲ್ಲಿ ಅರ್ಧ ಮೀಟರ್. ದಡ 50 ಮೀಟರಿಗೆ 1 ಮೀಟರ್ ಇಳಿಜಾರಿದ್ದರೆ ಆ ಒಂದೇ ಗಂಟೆಯಲ್ಲಿ ನೀರಂಚು 25 ಮೀಟರ್ ಹಿಂದೆ ಸರಿಯುತ್ತದೆ. ನಡುವಿನ ಆ ಎರಡು ಗಂಟೆಗಳಲ್ಲಿ ಹವಳದ ದಿಬ್ಬದ ಬಿರುಕುಗಳ ಮೂಲಕ ನೀರು ಹೊಳೆಯಂತೆ ಹೊರನುಗ್ಗುತ್ತದೆ, ಅಲ್ಲಿಗೆ ಈಜಿ ಹೋಗಬಾರದು. ಉಲ್ಟಾ ಅಪಾಯವೂ ಇದೆ: ಇಳಿತದಲ್ಲಿ ನಡೆದು ದಾಟಿದ ಮರಳದಿಣ್ಣೆಯಿಂದ ಹಿಂದಿರುಗುವ ಹೊತ್ತಿಗೆ ಎದೆಮಟ್ಟದ ನೀರು. ಅತಿ ಇಳಿತದ ಗಳಿಗೆ ಮುಗಿದ ಕೂಡಲೇ ಹೊರಡಿ, ಇನ್ನೂ ಹೊತ್ತಿದೆ ಎನ್ನಬೇಡಿ.

ಕೆರಿಬಿಯನ್‌ನ ಬಹುಪಾಲು ದ್ವೀಪಗಳಲ್ಲಿ ಏರಿಳಿತ ಅರ್ಧ ಮೀಟರಿಗಿಂತ ಕಡಿಮೆ. ಅಲ್ಲಿ ಈ ಲೆಕ್ಕ ಸಡಿಲ ಬಿಡಬಹುದು, ಗಾಳಿಯ ಲೆಕ್ಕ ಬಿಗಿ ಮಾಡಿ.

ನೀರಿಗಿಳಿಯುವಾಗ

ಮೊದಲ ಹತ್ತು ನಿಮಿಷ ದಡದಲ್ಲಿ ನಿಂತು ಅಲೆ ನೋಡಿ. ಎರಡೂ ಕಡೆ ಬಿಳಿ ನೊರೆ ಎದ್ದು, ನಡುವೆ ಒಂದು ಓಣಿಯಷ್ಟು ಜಾಗದಲ್ಲಿ ಮಾತ್ರ ಅಲೆ ಮುರಿಯದೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅದೇ ಸೆಳೆತದ ಜಾಗ. ಇಳಿಯಲು ಅದೇ ಸುರಕ್ಷಿತವೆಂದು ಕಾಣುವುದರಿಂದಲೇ ಜನ ಅಲ್ಲಿ ಸಿಕ್ಕಿಬೀಳುತ್ತಾರೆ. ಸೆಳೆತ ಸೆಕೆಂಡಿಗೆ 2 ಮೀಟರ್ ದಾಟಬಲ್ಲದು, ನುರಿತ ಈಜುಗಾರರೂ ಅದನ್ನು ಎದುರಿಸಿ ದಡ ಸೇರಲಾರರು.

ಸಿಕ್ಕಿಕೊಂಡರೆ ಹೀಗೆ ಮಾಡಿ:

1. ದಡದ ಕಡೆ ಈಜಬೇಡಿ. ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತನ್ನಿ. ಸೆಳೆತ ಹೊರಗೆ ಎಳೆಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ.
2. ಒಂದು ಕೈ ಮೇಲೆತ್ತಿ ಬೀಸಿ, ಕೂಗಿ.
3. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಿ. ಅಲ್ಲಿಂದ ಅಲೆಯೇ ದಡಕ್ಕೆ ತಳ್ಳುತ್ತದೆ.
4. ಶಕ್ತಿಯಿಲ್ಲದಿದ್ದರೆ ತೇಲುತ್ತಲೇ ಇರಿ, ಕೈ ಬೀಸುತ್ತಲೇ ಇರಿ.

ದಡದಲ್ಲಿರುವವರಿಗೆ ಇದಕ್ಕಿಂತ ಕಷ್ಟದ ನಿಯಮ: ಸಿಕ್ಕಿಕೊಂಡವರ ಹಿಂದೆಯೇ ನೀರಿಗೆ ಧುಮುಕಬೇಡಿ. ಕಾಪಾಡಲು ಹೋದವರೇ ಮುಳುಗುವ ಪ್ರಸಂಗಗಳು ಕಡಲಿನಲ್ಲಿ ಬಹಳ. ತೇಲುವಂಥದ್ದು ಏನಾದರೂ ಎಸೆಯಿರಿ: ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಲೈಫ್ ಜಾಕೆಟ್, ಹಗ್ಗ. ಒಬ್ಬರು ಅವರ ಮೇಲಿಂದ ಕಣ್ಣು ತೆಗೆಯದೆ ಕೈ ತೋರಿಸುತ್ತ ನಿಲ್ಲಲಿ, ಇನ್ನೊಬ್ಬರು ಜೀವರಕ್ಷಕರ ಬಳಿ ಓಡಲಿ.

ಬಾವುಟಗಳಲ್ಲಿ ಮೇಲೆ ಕೆಂಪು, ಕೆಳಗೆ ಹಳದಿ ಇದ್ದರೆ ಜೀವರಕ್ಷಕರ ಕಣ್ಗಾವಲಿನ ಜಾಗ, ಅಂಥ ಎರಡು ಬಾವುಟಗಳ ನಡುವೆಯೇ ಈಜಿ. ಒಂಟಿ ಕೆಂಪು ಎಂದರೆ ಭಾರಿ ಅಪಾಯ, ಜೋಡಿ ಕೆಂಪು ಎಂದರೆ ನೀರು ಮುಚ್ಚಿದೆ. ನೇರಳೆ ಬಣ್ಣ ಜೆಲ್ಲಿ ಮೀನಿನಂಥ ಜೀವಿಗಳ ಸೂಚನೆ.

ಗುಂಪಿನೊಳಗೆ ಮೂರು ಕಟ್ಟಳೆ ಸಾಕು. ಯಾರೂ ಒಬ್ಬರೇ ಇಳಿಯಬಾರದು, ಜೋಡಿಯಾಗಿಯೇ. ಇಳಿಯುವ ಮುನ್ನ ದಡದಲ್ಲಿರುವ ಒಬ್ಬರಿಗೆ ಹೇಳಿ ಹೋಗಬೇಕು. ಕುಡಿದ ಮೇಲೆ ಆ ದಿನ ನೀರಿಲ್ಲ. ಮಕ್ಕಳಿದ್ದರೆ "ಎಲ್ಲರೂ ನೋಡಿಕೊಳ್ಳುತ್ತೇವೆ" ಎಂಬ ಮಾತು ನಂಬಬೇಡಿ. 20 ನಿಮಿಷದ ಸರದಿಯಲ್ಲಿ ಹೆಸರಿಟ್ಟು ಒಬ್ಬರನ್ನು ಕಾವಲಿಗೆ ನಿಲ್ಲಿಸಿ, ಅವರ ಕೈಯಲ್ಲಿ ಫೋನು ಬೇಡ.

ಸ್ನಾರ್ಕಲಿಂಗ್

ಬಾಡಿಗೆಗೆ ಸಿಗುವ ಮಾಸ್ಕುಗಳಲ್ಲಿ ಮುಖಕ್ಕೆ ಕೂರುವುದನ್ನು ಆರಿಸುವುದರಲ್ಲೇ ಅರ್ಧ ಸುಖವಿದೆ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದು ಕೈ ಬಿಡಿ. ಅಂಟಿಕೊಂಡು ನಿಂತರೆ ಸರಿ, ಬಿದ್ದರೆ ಬೇರೆಯದು. ನೀರು ಒಸರಿದಾಗ ಪಟ್ಟಿ ಬಿಗಿ ಮಾಡುವುದು ಎಲ್ಲರ ಮೊದಲ ಯೋಚನೆ, ಅದರಿಂದ ಅಂಚು ಸೊಟ್ಟಾಗಿ ಇನ್ನಷ್ಟು ಒಸರುತ್ತದೆ. ನಿಜವಾದ ಕಾರಣ ಸಾಮಾನ್ಯವಾಗಿ ಅಂಚಿನಡಿ ಸಿಕ್ಕ ಕೂದಲು, ಇಲ್ಲವೇ ಮೀಸೆ. ಮಂಜು ಕಟ್ಟದಿರಲು ಒಳಗಾಜಿಗೆ ಎಂಜಲು ಅಥವಾ ಒಂದು ಹನಿ ಮಕ್ಕಳ ಶಾಂಪೂ ಸವರಿ, ಕಡಲ ನೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಹೊಸ ಮಾಸ್ಕಾದರೆ ಕಾರ್ಖಾನೆಯ ತೆಳು ಪದರ ಹೋಗುವಂತೆ ಮೊದಲೇ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆದಿರಬೇಕು.

ಸೊಂಟಮಟ್ಟದ ನೀರಿನಲ್ಲಿ ಮುಖವಷ್ಟೇ ಮುಳುಗಿಸಿ ಬಾಯಿಯಿಂದ ನಿಧಾನ ಉಸಿರಾಡಿ ಅಭ್ಯಾಸ ಮಾಡಿ. ನಳಿಗೆಗೆ ನೀರು ನುಗ್ಗಿದರೆ ಒಮ್ಮೆ ಜೋರಾಗಿ ಊದಿ. ಉಬ್ಬರಕ್ಕೆ ಒಂದು ಗಂಟೆ ಮೊದಲು ಇಳಿದು, ಉಬ್ಬರ ತುಂಬಿ ನೀರು ನಿಂತಿರುವಷ್ಟು ಹೊತ್ತು ಮಾತ್ರ ಇರಿ: ಹವಳದ ಮೇಲೆ ಸಾಕಷ್ಟು ನೀರಿರುತ್ತದೆ, ಸೆಳೆತ ಇರುವುದಿಲ್ಲ. ಹೋಗುವಾಗ ಹರಿವಿನ ಎದುರು ಹೋಗಿ, ಮರಳುವಾಗ ಹರಿವೇ ತರಲಿ. ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ ಜೋಡಿಯನ್ನೂ ದಡದ ಗುರುತನ್ನೂ ನೋಡಿ. ಹೆಚ್ಚು ಹೊತ್ತು ಮುಳುಗಿರಬೇಕೆಂದು ಪದೇಪದೇ ಜೋರುಸಿರು ಎಳೆದು ಮುಳುಗುವುದು ಪ್ರಾಣಕ್ಕೆ ಕುತ್ತು. ಉಸಿರಾಡುವ ತುರ್ತು ಹುಟ್ಟುವ ಮೊದಲೇ ಎಚ್ಚರ ತಪ್ಪುತ್ತದೆ, ಸದ್ದೂ ಆಗುವುದಿಲ್ಲ.

ಹವಳದ ಮೇಲೆ ನಿಲ್ಲಬೇಡಿ, ಫಿನ್ಸ್ (ಕಾಲಿಗೆ ತೊಡುವ ಈಜುರೆಕ್ಕೆ) ತಾಗಿಸಬೇಡಿ. ಅದು ಜೀವ. ದಪ್ಪ ಹವಳಗಳು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್, ಒಂದು ಹೆಜ್ಜೆಗೆ ದಶಕಗಳ ಬೆಳವಣಿಗೆ ಮುರಿಯುತ್ತದೆ. ನೀವು ಮಲಗುವ ಬಿಳಿ ಮರಳಿನಲ್ಲೂ ಬಹುಪಾಲು ಗಿಳಿಮೀನುಗಳು ಹವಳದ ಕಲ್ಲು ಕಚ್ಚಿ ಅರೆದು ಹೊರಹಾಕಿದ್ದೇ ಇರುವ ದ್ವೀಪಗಳಿವೆ. ಹವಳ ಸತ್ತರೆ ಮೀನಿಲ್ಲ, ಮೀನಿಲ್ಲದೆ ತೀರವಿಲ್ಲ.

ಕಡಿತ, ಚುಚ್ಚು, ಗೀರು

ಜೆಲ್ಲಿ ಮೀನು ತಾಗಿದಾಗ ಮೂತ್ರ ಹೊಯ್ಯುವುದು, ಸಿಹಿನೀರು ಸುರಿಯುವುದು, ಮರಳಿನಿಂದ ಉಜ್ಜುವುದು ಎಲ್ಲವೂ ತಪ್ಪು, ಇನ್ನೂ ಸಿಡಿಯದ ವಿಷಕೋಶಗಳು ಅದರಿಂದ ಸಿಡಿಯಬಹುದು. ಬಾಕ್ಸ್ ಜೆಲ್ಲಿ ಮೀನು ಎಂಬ ತೀವ್ರ ವಿಷದ ಜಾತಿಯಿರುವ ಉಷ್ಣವಲಯದ ನೀರಿನಲ್ಲಿ ಕನಿಷ್ಠ 30 ಸೆಕೆಂಡು ವಿನೆಗರ್ ಸುರಿದು, ಆಮೇಲೆ ಚಿಮಟದಿಂದ ಎಳೆಗಳನ್ನು ತೆಗೆಯಿರಿ. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆ, ಉಸಿರು ನಿಂತರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವುದು). ನೀಲಿ ಗುಳ್ಳೆಯಂತೆ ತೇಲುವ ಬ್ಲೂಬಾಟಲ್ ಎಂದು ಖಚಿತವಿದ್ದರೆ ಮಾತ್ರ ವಿನೆಗರ್ ಬೇಡ, 45 ಡಿಗ್ರಿಯ ಬಿಸಿನೀರಲ್ಲಿ 20 ನಿಮಿಷ ಇಡಿ.

ಬಿಸಿನೀರೇ ಔಷಧವಾಗುವ ಇನ್ನೂ ಕೆಲವಿವೆ: ಕಲ್ಲಿನಂತೆ ಬಿದ್ದಿರುವ ಸ್ಟೋನ್‌ಫಿಷ್, ತೊರಕೆಯ ಬಾಲದ ಮುಳ್ಳು, ಮುಳ್ಳುಚೆಂಡಿನಂತಿರುವ ಸೀ ಅರ್ಚಿನ್‌ನ ಕಪ್ಪು ಮುಳ್ಳು. ತಡೆದುಕೊಳ್ಳಬಲ್ಲಷ್ಟು, 45 ಡಿಗ್ರಿ ಮೀರದ ಬಿಸಿನೀರಲ್ಲಿ 30ರಿಂದ 90 ನಿಮಿಷ ಕಾಲಿಟ್ಟರೆ ನೋವು ಇಳಿಯುತ್ತದೆ. ನೋವಿರುವ ಕಾಲಿಗೆ ಬಿಸಿಯ ಅರಿವು ತಪ್ಪಿರುತ್ತದೆ, ಹಾಗಾಗಿ ಬೇರೆಯವರು ಕೈಯದ್ದಿ ನೋಡಬೇಕು. ಆಮೇಲೆ ವೈದ್ಯರ ಬಳಿ ಹೋಗಲೇಬೇಕು. ಮರಳುತಳದಲ್ಲಿ ಕಾಲೆತ್ತಿ ಇಡದೆ ಜಾರಿಸುತ್ತ ನಡೆದರೆ ತೊರಕೆ ತಾನಾಗಿ ಸರಿದುಹೋಗುತ್ತದೆ. ಶಂಕುವಿನಾಕಾರದ ಚೆಂದದ ಚಿಪ್ಪು ಕಂಡರೆ ಮುಟ್ಟಬೇಡಿ, ಒಳಗೆ ಜೀವವಿದ್ದರೆ ಅದರ ಚುಚ್ಚು ಕೊಲ್ಲಬಲ್ಲದು.

ಹವಳದ ಗೀರು ಸಣ್ಣದೆಂದು ಬಿಟ್ಟರೆ ಕೀವಾಗಿ ವಾರಗಟ್ಟಲೆ ಕಾಡುತ್ತದೆ. ಸೋಪು, ಸಿಹಿನೀರಲ್ಲಿ ಚೆನ್ನಾಗಿ ತೊಳೆದು ಒಳಗಿನ ಚೂರುಗಳನ್ನು ತೆಗೆಯಿರಿ, ಮಾಯುವವರೆಗೆ ಕಡಲಿಗಿಳಿಯಬೇಡಿ.

ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲು, ಹೆಚ್ಚಾಗಿ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ. ಸೊಳ್ಳೆ ಓಡಿಸುವ ಡೀಟ್ ಎಂಬ ರಾಸಾಯನಿಕ 20ರಿಂದ 30% ಇರುವ ಮುಲಾಮು ಸಾಕು. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಇದು. ಇನ್ನು, ಕಾಯಿ ತುಂಬಿದ ತೆಂಗಿನ ಮರದ ಕೆಳಗೆ ಚಾಪೆ ಹಾಸಬಾರದೆಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಒಂದು ದಿನದ ಆಕಾರ

ರಾತ್ರಿಯೂಟದ ಹೊತ್ತಿಗೆ ನಾಳೆಯ ಬಗ್ಗೆ ಎರಡೇ ತೀರ್ಮಾನ: ಉಬ್ಬರ ಪಟ್ಟಿ ನೋಡಿ ನೀರಿಗಿಳಿಯುವ ಹೊತ್ತು, ಮತ್ತು ಎಲ್ಲರೂ ಸೇರುವ ಒಂದು ಊಟ. ಪ್ರತಿದಿನ ಒಬ್ಬರು ಸರದಿಯ ಮೇಲೆ ಮುಂದಾಳು. ಅವರು ಹೇಳಿದ್ದೇ ಕೊನೆ. ಉಳಿದ ಹೊತ್ತಿಗೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಮಾದರಿಗೆ ಬೆಳಿಗ್ಗೆ 9ಕ್ಕೆ ಉಬ್ಬರ ಎಂದುಕೊಳ್ಳಿ. ಬೇಗ ಏಳುವವರು 6ಕ್ಕೆ ನಡಿಗೆ, 7ಕ್ಕೆ ಹಗುರ ತಿಂಡಿ, 8ರಿಂದ ಒಂಬತ್ತೂವರೆವರೆಗೆ ನೀರು. ಹತ್ತಕ್ಕೆ ಎಲ್ಲರೂ ನೆರಳಿಗೆ. ಊಟ, ನಿದ್ದೆ, ಪುಸ್ತಕ, ಇಸ್ಪೀಟು, ಮೂರೂವರೆವರೆಗೆ ಬಿಸಿಲಿಗೆ ಹೋಗುವ ಮಾತೇ ಬೇಡ. ಅಷ್ಟರಲ್ಲಿ ಇಳಿತ, ಹಾಗಾಗಿ ಸಂಜೆ ಒದ್ದೆ ಮರಳಿನ ಮೇಲೆ ನಡಿಗೆ, ಹೊಂಡಗಳಲ್ಲಿ ಸಿಕ್ಕ ಏಡಿ ಮೀನು ನೋಡುವುದು. ಕುಡಿಯುವ ನೀರು ತಲೆಗೆ 3 ಲೀಟರ್ ಲೆಕ್ಕದಲ್ಲಿ ಕೋಣೆಯಲ್ಲಿರಲಿ.

ಒಂದು ಇಡೀ ದಿನವನ್ನು ಬೇರೆಬೇರೆಯಾಗಿ ಕಳೆಯಲು ಇಟ್ಟುಕೊಳ್ಳಿ, ವಾರದ ನಡುವೆ ಆದರೆ ಉತ್ತಮ. ಸತತ ಮೂರು-ನಾಲ್ಕು ದಿನ ಜೊತೆಗಿದ್ದ ಮೇಲೆ ಎಂಥ ಆಪ್ತರಿಗೂ ಮೌನ ಬೇಕಾಗುತ್ತದೆ. ಅದನ್ನು ಮುನಿಸೆಂದು ಅರ್ಥ ಮಾಡಿಕೊಳ್ಳದಂತೆ ಪಟ್ಟಿಯಲ್ಲೇ ಬರೆದಿಡುವುದು ಜಾಣತನ.

ಕೊನೆಯ ಎರಡು ದಿನ

ಸ್ಕೂಬಾ ಮಾಡಿದ್ದರೆ ವಿಮಾನಕ್ಕೆ ಕಾಯಬೇಕು. ಡಿಕಂಪ್ರೆಶನ್ ನಿಲುಗಡೆ (ಮೇಲೇರುವಾಗ ನಡುವೆ ತಡೆದು ನಿಲ್ಲುವುದು) ಬೇಡದ ಒಂದೇ ಮುಳುಗಿಗೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದ್ದರೆ 18 ಗಂಟೆ. ಆಳದಲ್ಲಿ ರಕ್ತದೊಳಗೆ ಕರಗಿದ ಸಾರಜನಕ, ವಿಮಾನದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಿ ಕೀಲು, ನರಗಳಿಗೆ ಪೆಟ್ಟು ಕೊಡುತ್ತದೆ. ಹಾಗಾಗಿ ಸ್ಕೂಬಾವನ್ನು ವಾರದ ಮೊದಲರ್ಧಕ್ಕೆ ಹಾಕಿ. ನೀರ ಮೇಲಷ್ಟೇ ತೇಲುವ ಸ್ನಾರ್ಕಲಿಂಗಿಗೆ ಈ ಕಾಯುವಿಕೆ ಇಲ್ಲ.

ದೋಣಿ ಇಳಿದು ಅದೇ ದಿನ ವಿಮಾನ ಹತ್ತುವ ಯೋಜನೆ ಬೇಡ. ಗಾಳಿ ಎದ್ದು ಒಂದು ದೋಣಿ ರದ್ದಾದರೆ ಆರು ಟಿಕೆಟ್ಟೂ ಹೋದಂತೆಯೇ. ಕೊನೆಯ ರಾತ್ರಿ ವಿಮಾನ ನಿಲ್ದಾಣವಿರುವ ದ್ವೀಪದಲ್ಲೇ ತಂಗಿ. ಆ ಸಂಜೆ ಸಾಮೂಹಿಕ ಚೀಲದ ಲೆಕ್ಕ ಓದಿ, ಉಳಿದದ್ದನ್ನು ಅಲ್ಲಿಯೇ ಹಂಚಿ. ಮನೆಗೆ ಹೋದ ಮೇಲೆ ಎಂದರೆ ಅದು ಎಂದಿಗೂ ಮುಗಿಯುವುದಿಲ್ಲ. ಮಾಸ್ಕು, ಫಿನ್ಸ್, ಈಜಂಗಿಗಳನ್ನು ಸಿಹಿನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಹವಳ, ಚಿಪ್ಪು, ಮರಳು ಚೀಲಕ್ಕೆ ಹಾಕಬೇಡಿ, ಹಲವು ದೇಶಗಳಲ್ಲಿ ಅದು ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ಮರಳಿದ ಎರಡು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ ಗುಂಪಿನ ಎಲ್ಲರಿಗೂ ತಿಳಿಸಿ. ವೈದ್ಯರಿಗೆ ಯಾವ ದ್ವೀಪದಲ್ಲಿದ್ದಿರಿ, ಯಾವ ದಿನಗಳಲ್ಲಿ ಎಂದು ಮೊದಲ ಮಾತಿಗೇ ಹೇಳಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ.